ಹಳೇ ಕಿರ್ದಿ ಪುಸ್ತಕ ಮುಚ್ಚೋದು ಯಾವಾಗ?

ಪ್ಲೇಸ್‌ಮೆಂಟ್ ಸೀಸನ್ ಶುರುವಾದ್ರೆ ಹಾಸ್ಟೆಲ್‌ನಲ್ಲಿ ಒಂದು ಮಾತು ಕೇಳಿಬರುತ್ತೆ. ಯಾರಿಗಾದ್ರೂ ‘ಇಆರ್‌ಪಿ ಇಂಪ್ಲಿಮೆಂಟೇಶನ್’ ಕೆಲಸ ಸಿಕ್ಕಿದೆ ಅಂದ್ರೆ ಸಾಕು, “ಅದ್ರಾಗ್ ಕೋಡಿಂಗ್ ಎಲ್ಲೈತಲೇ? ಸಾಫ್ಟ್‌ವೇರ್ ಯಾರೋ ಬರೆದಿಟ್ಟಿರ್ತಾರ, ನೀನು ಹೋಗಿ ಇನ್‌ಸ್ಟಾಲ್ ಮಾಡಿ ಬರೋದಷ್ಟೇ” ಅಂತಾರೆ. ಈ ಮಾತನ್ನ ನಾನು ಒಪ್ಪಲ್ಲ. ಸಿದ್ಧವಾಗಿ ಸಿಗೋ ಒಂದು ಸಾಫ್ಟ್‌ವೇರನ್ನು ಒಂದು ಸಂಸ್ಥೆಯೊಳಗೆ ನೆಲೆ ನಿಲ್ಲಿಸೋದು ಅದನ್ನು ಬರೆಯೋದಕ್ಕಿಂತ ಸುಲಭದ ಕೆಲಸ ಏನಲ್ಲ. ಅಲ್ಲಿ ಎಡವಿದರೆ ನಷ್ಟ ಆಗೋದು ಕಂಪನಿಗಷ್ಟೇ ಅಲ್ಲ, ಕೌಂಟರ್ ಮುಂದೆ ನಿಂತವರಿಗೂ ಆಗುತ್ತೆ.

ಉದಾಹರಣೆಗೆ ದೂರ ಹೋಗೋದು ಬೇಡ. ಕೊಕ್ಕನೂರು, ಮಲೇಬೆನ್ನೂರು, ಹರಿಹರದ ಕಡೆಯಿಂದ ಬಂದಿರೋ ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ‘ಸೊಸೈಟಿ’ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ. ಭತ್ತಕ್ಕೆ ಬೆಳೆಸಾಲ ತರೋದು ಅಲ್ಲಿಂದ, ಗೊಬ್ಬರ ತರೋದು ಅಲ್ಲಿಂದ, ಎಷ್ಟೋ ಊರಲ್ಲಿ ಪಡಿತರ ಅಕ್ಕಿಯೂ ಅಲ್ಲೇ. ಇಂಥ ಸಂಘಗಳಿಗೆ ನಮ್ಮ ರಾಜ್ಯದಲ್ಲಿ ದೊಡ್ಡ ಇತಿಹಾಸವೇ ಇದೆ. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದ್ದು 1905ರಲ್ಲಿ. ಅಲ್ಲಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಈ ಸಂಘಗಳ ಲೆಕ್ಕವೆಲ್ಲ ಕೈಬರಹದ ಪುಸ್ತಕದಲ್ಲೇ ನಡೆದುಬಂತು.

2022ರ ಜೂನ್ 29ರಂದು ಕೇಂದ್ರ ಸಂಪುಟ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ 63,000 ಪತ್ತಿನ ಸಂಘಗಳನ್ನು ಒಂದೇ ಇಆರ್‌ಪಿ ಸಾಫ್ಟ್‌ವೇರ್ ಮೇಲೆ ತರೋದು, ಖರ್ಚು 2,516 ಕೋಟಿ ರೂಪಾಯಿ, ಜಾರಿ ಮಾಡೋ ಹೊಣೆ ನಬಾರ್ಡ್‌ನದು. ಭಾಗಿಸಿ ನೋಡಿದರೆ ಒಂದು ಸಂಘಕ್ಕೆ ಸುಮಾರು 4 ಲಕ್ಷ ರೂಪಾಯಿ. ಸಾಲ, ಠೇವಣಿ, ಗೊಬ್ಬರ, ಪಡಿತರ, ಗೋದಾಮು ಎಲ್ಲದರ ಲೆಕ್ಕವೂ ಒಂದೇ ಕಡೆ. ಸಂಘದ ದೃಷ್ಟಿಯಿಂದ ನೋಡಿದರೆ ಇದು ಪೂರ್ತಿ ರೆಡಿಮೇಡ್ ಸಾಫ್ಟ್‌ವೇರ್. ಅವರು ಕೇಳಿ ಮಾಡಿಸಿದ್ದಲ್ಲ, ಅಳತೆ ಕೊಟ್ಟು ಹೊಲಿಸಿದ್ದೂ ಅಲ್ಲ. ಮೇಲಿಂದ ಬಂತು, ಇನ್ನು ಅದನ್ನು ತೊಟ್ಟುಕೊಂಡು ನಡೀಬೇಕು.

ನಡೆಯೋದು ಹೇಗೆ? ಇಲ್ಲಿ ಮೊದಲನೇ ಪ್ರಶ್ನೆ ಬರುತ್ತೆ: ಯಾರು ಬಗ್ಗಬೇಕು, ಸಂಸ್ಥೆಯೋ ಸಾಫ್ಟ್‌ವೇರೋ?

ಜರ್ಮನಿಯ ಲಿಡ್ಲ್ ಅನ್ನೋ ದೊಡ್ಡ ದಿನಸಿ ಅಂಗಡಿ ಸರಪಳಿಯ ಕಥೆ ಕೇಳಿ. 2011ರಲ್ಲಿ ಎಸ್‌ಎಪಿ ಪ್ಯಾಕೇಜ್ ಹಾಕೋಕೆ ಹೊರಟರು. 2018ರಲ್ಲಿ ಕೈಬಿಟ್ಟರು. ಅಷ್ಟು ಹೊತ್ತಿಗೆ ಸುಮಾರು 50 ಕೋಟಿ ಯೂರೋ ಖರ್ಚಾಗಿತ್ತು ಅಂತ ಅಲ್ಲಿನ ಪತ್ರಿಕೆಗಳು ಬರೆದವು. ಅವರು ಹೇಳಿದ ಮುಖ್ಯ ಕಾರಣಗಳಲ್ಲಿ ಒಂದು ಎಷ್ಟು ಸಣ್ಣದು ನೋಡಿ. ದಾಸ್ತಾನಿನ ಲೆಕ್ಕವನ್ನು ಕೊಂಡ ಬೆಲೆಯಲ್ಲಿ ಇಡೋದು ಲಿಡ್ಲ್ ರೂಢಿ, ಮಾರೋ ಬೆಲೆಯಲ್ಲಿ ಇಡೋದು ಪ್ಯಾಕೇಜ್ ರೂಢಿ. ನಮ್ಮ ಪದ್ಧತಿ ಬಿಡಲ್ಲ, ಸಾಫ್ಟ್‌ವೇರನ್ನೇ ತಿದ್ದಿ ಅಂದರು. ತಿದ್ದುತ್ತಾ ತಿದ್ದುತ್ತಾ ಅದು ರೆಡಿಮೇಡ್ ಆಗಿಯೂ ಉಳಿಯಲಿಲ್ಲ, ಅಳತೆಗೆ ಹೊಲಿದದ್ದೂ ಆಗಲಿಲ್ಲ.

ಹಾಗಾದ್ರೆ ಸಂಸ್ಥೆಯೇ ಯಾವಾಗಲೂ ಬಗ್ಗಬೇಕಾ? ಅದೂ ಅಲ್ಲ. ನಮ್ಮ ಸೊಸೈಟಿಯನ್ನೇ ತಗೊಳ್ಳಿ. ಕೇಂದ್ರದ ಲೆಕ್ಕದಲ್ಲಿ 3 ಲಕ್ಷದವರೆಗಿನ ಬೆಳೆಸಾಲಕ್ಕೆ 7% ಬಡ್ಡಿ, ಗಡುವಿನೊಳಗೆ ಕಟ್ಟಿದರೆ 3% ರಿಯಾಯಿತಿ, ಉಳಿಯೋದು 4%. ಕರ್ನಾಟಕದಲ್ಲಿ ಸಹಕಾರ ಸಂಘದ ಬೆಳೆಸಾಲವನ್ನು ಗಡುವಿನೊಳಗೆ ಕಟ್ಟಿದವರಿಗೆ ಬಡ್ಡಿಯೇ ಇಲ್ಲ. 2023ರ ಜುಲೈ ಬಜೆಟ್‌ನಲ್ಲಿ ಇದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಇದು ಸಂಘದ ಅಭ್ಯಾಸ ಅಲ್ಲ, ರಾಜ್ಯದ ನಿಯಮ. ಇಲ್ಲಿ ಸಾಫ್ಟ್‌ವೇರೇ ಬಗ್ಗಬೇಕು, ಬೇರೆ ದಾರಿ ಇಲ್ಲ. ಆದರೆ ‘ನಮ್ಮಲ್ಲಿ ಸಂಜೆ ಒಟ್ಟಿಗೇ ಎಂಟ್ರಿ ಹಾಕೋದು ರೂಢಿ’, ‘ರಸೀದಿ ನಾಳೆ ಕೊಡ್ತೀವಿ’ ಅನ್ನೋದು ಬರೀ ಅಭ್ಯಾಸ. ಅಲ್ಲಿ ಸಂಘವೇ ಬಗ್ಗಬೇಕು. ನಿಯಮ ಯಾವುದು, ಅಭ್ಯಾಸ ಯಾವುದು ಅಂತ ಎರಡು ಪಟ್ಟಿ ಮಾಡದೆ ಕೆಲಸ ಶುರು ಮಾಡಿದರೆ ಲಿಡ್ಲ್ ಕಥೆಯೇ. ನನ್ನ ಪ್ರಕಾರ ಇಂಪ್ಲಿಮೆಂಟೇಶನ್ ಎಂಜಿನಿಯರ್‌ನ ಮೊದಲ ಕೆಲಸ ಈ ಎರಡು ಪಟ್ಟಿ.

ಇದರ ಬೆಲೆ ಏನು ಅಂತ ಯೋಚಿಸಿ. ರೈತ ಗಡುವಿನ ದಿನವೇ ದುಡ್ಡು ಕಟ್ಟಿದ, ಎಂಟ್ರಿ ಬಿದ್ದದ್ದು ಎರಡು ದಿನ ತಡವಾಗಿ. ಪುಸ್ತಕ ಇದ್ದಾಗ ಕಾರ್ಯದರ್ಶಿ ಹಿಂದಿನ ತಾರೀಖು ನೋಡಿ ಸರಿಮಾಡ್ತಿದ್ದರು. ಸಾಫ್ಟ್‌ವೇರ್‌ಗೆ ಮುಖ ನೋಡಿ ಗೊತ್ತಾಗಲ್ಲ. ಅದರ ಪ್ರಕಾರ ಆತ ಸುಸ್ತಿದಾರ. ಬಡ್ಡಿ ಬೀಳುತ್ತೆ, ಮುಂದಿನ ಸಾಲಕ್ಕೂ ತೊಡಕು. ಎರಡು ದಿನದ ಅಭ್ಯಾಸವೊಂದು ಒಂದು ಮನೆಯ ಮುಂದಿನ ಬೆಳೆಯನ್ನೇ ಅಲ್ಲಾಡಿಸಬಹುದು.

ಎರಡನೇದು ಹಳೇ ಡೇಟಾ. ಸಾಫ್ಟ್‌ವೇರ್ ಕಂಪನಿಯ ಪಟ್ಟಿಯಲ್ಲಿ ‘ಡೇಟಾ ಮೈಗ್ರೇಶನ್’ ಅನ್ನೋದು ಒಂದೇ ಸಾಲು. ಊರಲ್ಲಿ ಅದು ತಿಂಗಳುಗಟ್ಟಲೆ ಕೆಲಸ. ಷೇರು ಪುಸ್ತಕದಲ್ಲಿ ಬಸಪ್ಪ, ಆಧಾರ್‌ನಲ್ಲಿ ಬಸವರಾಜಪ್ಪ, ಪಹಣಿಯಲ್ಲಿ ಇನ್ನೂ ತೀರಿಕೊಂಡ ಅಜ್ಜನ ಹೆಸರು, ಪೌತಿ ಖಾತೆ ಆಗೇ ಇಲ್ಲ. ಮೂರೂ ಒಬ್ಬರದೇ ಅಂತ ಕಂಪ್ಯೂಟರ್‌ಗೆ ಹೇಳೋರು ಯಾರು? ಬೆಂಗಳೂರಿನಿಂದ ಬಂದ ಟೀಮ್‌ಗೆ ಗೊತ್ತಿರಲ್ಲ. ಗೊತ್ತಿರೋದು ಇಪ್ಪತ್ತು ವರ್ಷದಿಂದ ಅಲ್ಲಿ ಕೂತಿರೋ ಕಾರ್ಯದರ್ಶಿಗೆ, ಇಲ್ಲಾ ಗುಮಾಸ್ತರಿಗೆ. ಅವರನ್ನ ‘ಕಂಪ್ಯೂಟರ್ ಬರಲ್ಲ’ ಅಂತ ಬದಿಗೆ ಸರಿಸಿ ಯಾರೋ ಡೇಟಾ ಎಂಟ್ರಿ ಹುಡುಗರ ಕೈಲಿ ತುಂಬಿಸಿದರೆ, ಹಳೇ ಪುಸ್ತಕದ ತಪ್ಪುಗಳು ಹೊಸ ಸ್ಕ್ರೀನ್ ಮೇಲೆ ಅಂದವಾಗಿ ಕಾಣಿಸ್ತವೆ ಅಷ್ಟೇ. ಆರಂಭದ ಶಿಲ್ಕು ತಪ್ಪಿದ್ದರೆ ಆಮೇಲಿನ ಎಲ್ಲಾ ಲೆಕ್ಕವೂ ತಪ್ಪು.

ಮೂರನೇದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಹಳೇ ಪುಸ್ತಕ ಮುಚ್ಚೋ ದಿನ. ದಾವಣಗೆರೆಯಲ್ಲಿ ಎಷ್ಟೋ ಅಂಗಡಿಗಳಲ್ಲಿ ನೋಡಿರ್ತೀರಿ. ಕಂಪ್ಯೂಟರ್‌ನಲ್ಲಿ ಟ್ಯಾಲಿ ಇರುತ್ತೆ, ಮಾಲೀಕರ ನಿಜವಾದ ಲೆಕ್ಕ ಮಾತ್ರ ಗಲ್ಲಾಪೆಟ್ಟಿಗೆ ಪಕ್ಕದ ಉದ್ದನೆಯ ನೋಟ್‌ಬುಕ್‌ನಲ್ಲಿ. ತಿಂಗಳ ಕೊನೆಗೆ ಅಕೌಂಟೆಂಟ್ ಬಂದು ಅದನ್ನ ಇದಕ್ಕೆ ತುಂಬಿ ಹೋಗ್ತಾರೆ. ಸಾಫ್ಟ್‌ವೇರ್ ಇದೆ, ಆದರೆ ಅಳವಡಿಕೆ ಆಗಿಲ್ಲ. ಎರಡು ಲೆಕ್ಕ ನಡೀತಾ ಇರೋ ತನಕ ಜನ ಹಳೇದನ್ನೇ ನಂಬ್ತಾರೆ, ಹೊಸದು ಬರೀ ಹೆಚ್ಚುವರಿ ಕೆಲಸ ಆಗಿ ಉಳಿಯುತ್ತೆ.

‘ಭೂಮಿ’ ಗೆದ್ದದ್ದು ಇಲ್ಲೇ. ಅದು ರೆಡಿಮೇಡ್ ಪ್ಯಾಕೇಜ್ ಅಲ್ಲ ನಿಜ, ನಮ್ಮ ರಾಜ್ಯಕ್ಕೇ ಬರೆದದ್ದು. ಆದರೂ ಪಾಠ ಒಂದೇ. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ಏರಿಸಿದ ಮೇಲೆ, ಒಂದೊಂದೇ ತಾಲ್ಲೂಕು ಕೇಂದ್ರ ಶುರುವಾದ ಹಾಗೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಅಂತ ಸರ್ಕಾರ ಹೇಳಿಬಿಟ್ಟಿತು. ಹಿಂದಕ್ಕೆ ಹೋಗೋ ದಾರಿ ಮುಚ್ಚಿತು. ಅದೊಂದು ಆದೇಶ ಇಲ್ಲದಿದ್ರೆ ಇವತ್ತಿಗೂ ಎರಡು ಪಹಣಿ ಹಿಡ್ಕೊಂಡು ಯಾವುದು ಸರಿ ಅಂತ ಜಗಳ ಆಡ್ತಿದ್ದೆವೇನೋ.

ಆದರೆ ದಿನ ಆರಿಸೋದರಲ್ಲೂ ವಿವೇಕ ಬೇಕು. ಅಮೆರಿಕದ ಹರ್ಷೀಸ್ ಚಾಕೊಲೇಟ್ ಕಂಪನಿ 1999ರಲ್ಲಿ ತನ್ನ ಹೊಸ ಸಿಸ್ಟಮ್ ಶುರು ಮಾಡಿದ್ದು ಜುಲೈನಲ್ಲಿ, ಅಂದ್ರೆ ಹ್ಯಾಲೋವೀನ್ ಹಬ್ಬಕ್ಕೆ ಅಂಗಡಿಗಳಿಂದ ಆರ್ಡರ್ ಸುರಿಯೋ ಹೊತ್ತಿಗೆ. ಗೋದಾಮಿನಲ್ಲಿ ಮಾಲು ಇತ್ತು, ಆರ್ಡರ್ ಮಾತ್ರ ಮುಂದಕ್ಕೆ ಹೋಗಲಿಲ್ಲ. ಸುಮಾರು 10 ಕೋಟಿ ಡಾಲರ್ ಆರ್ಡರ್ ಪೂರೈಸೋಕಾಗಲಿಲ್ಲ. ನಮ್ಮ ಕಡೆ ಇದಕ್ಕೆ ಸಮ ಅಂದ್ರೆ ಮಾರ್ಚ್ ಕೊನೆಯ ವಾರ, ಇಲ್ಲಾ ನಾಟಿ ಹೊತ್ತಿಗೆ ಯೂರಿಯಾಕ್ಕೆ ಸಾಲು ನಿಂತಿರೋ ದಿನ. ಆವತ್ತು ‘ಸರ್ವರ್ ಡೌನ್’ ಅಂತ ಬೋರ್ಡ್ ಹಾಕಿ ನೋಡಿ, ಏನಾಗುತ್ತೆ ಅಂತ!

ಇನ್ನೊಂದು ವಿಷಯವನ್ನ ಕನ್ನಡ ಬಳಗದವರಾಗಿ ನಾವೇ ಎತ್ತಬೇಕು. ಈ ಸಾಫ್ಟ್‌ವೇರ್ ಪ್ರಾದೇಶಿಕ ಭಾಷೆಯಲ್ಲಿ ಇರುತ್ತೆ, ರಾಜ್ಯದ ಅಗತ್ಯಕ್ಕೆ ತಕ್ಕ ಹಾಗೆ ಬದಲಿಸೋಕೂ ಬರುತ್ತೆ ಅಂತ ಯೋಜನೆಯಲ್ಲೇ ಹೇಳಿದೆ. ಒಳ್ಳೇದೇ. ಆದರೆ ಯಾವ ಕನ್ನಡ? ಸೊಸೈಟಿಯಲ್ಲಿ ಸಾಲ ‘ಬಟವಾಡೆ’ ಆಗುತ್ತೆ, ‘ಅಸಲು’ ಇರುತ್ತೆ, ‘ಸುಸ್ತಿ’ ಬೀಳುತ್ತೆ, ದಿನದ ಕೊನೆಗೆ ‘ಶಿಲ್ಕು’ ಉಳಿಯುತ್ತೆ, ಎಲ್ಲಾ ‘ಕಿರ್ದಿ’ಗೆ ಏರುತ್ತೆ. ಈ ಪದಗಳು ತಲೆಮಾರುಗಳಿಂದ ಬಳಕೆಯಲ್ಲಿವೆ. ಮಷೀನ್ ಅನುವಾದಕ್ಕೆ ಹಾಕಿದರೆ ‘ಅವಧಿ ಮೀರಿದ ಮೊತ್ತ’, ‘ಮುಕ್ತಾಯದ ಸಮತೋಲನ’ ಅಂತ ಬರುತ್ತೆ. ಓದಿದ ಗುಮಾಸ್ತರು ಇಂಗ್ಲಿಷ್ ಬಟನ್ನೇ ವಾಸಿ ಅಂತಾರೆ. ಟ್ಯಾಲಿ ನೋಡಿ, ಬೆಂಗಳೂರಿನ ಕಂಪನಿ, 1986ರಲ್ಲಿ ಶುರುವಾದದ್ದು. ವೋಚರ್, ಲೆಡ್ಜರ್, ಜರ್ನಲ್ ಅಂತ ಲೆಕ್ಕ ಬರೆಯೋರು ಮೊದಲೇ ಬಳಸ್ತಿದ್ದ ಮಾತನ್ನೇ ಸ್ಕ್ರೀನ್ ಮೇಲೆ ಇಟ್ಟಿತು. ಎಫ್5 ಒತ್ತಿದರೆ ಪೇಮೆಂಟ್, ಎಫ್6 ಒತ್ತಿದರೆ ರಿಸೀಟ್. ಕಂಪ್ಯೂಟರ್ ಕೋರ್ಸ್ ಮಾಡದ ಎಷ್ಟೋ ಮಂದಿ ಅದನ್ನ ಕಲಿತರು. ಪರಿಚಿತ ಪದ ಇದ್ದರೆ ಅರ್ಧ ತರಬೇತಿ ಮುಗಿದಂಗೆ.

‘ಇಷ್ಟೆಲ್ಲಾ ರಗಳೆ ಯಾಕೆ, ನಾವೇ ಒಂದು ಆ್ಯಪ್ ಬರೆದುಬಿಡೋಣ’ ಅನ್ನೋ ಉತ್ಸಾಹ ನಮ್ಮ ವಯಸ್ಸಿಗೆ ಸಹಜ. ಬರೆಯಬಹುದು. ಆದರೆ ಕೋರ್ಸ್ ಮುಗಿಸಿ ನಾವು ಬೆಂಗಳೂರಿಗೆ ಹೋದ ಮೇಲೆ ಅದನ್ನ ನೋಡ್ಕೊಳ್ಳೋರು ಯಾರು? ಬಡ್ಡಿ ನಿಯಮ ಬದಲಾದಾಗ ತಿದ್ದೋರು ಯಾರು? ಆಡಿಟ್‌ಗೆ ಉತ್ತರ ಕೊಡೋರು ಯಾರು? ಸಾವಿರಾರು ಸಂಘಗಳು ಒಂದೇ ಪ್ಯಾಕೇಜ್ ಬಳಸಿದರೆ ಒಬ್ಬರ ದೂರಿನಿಂದ ಎಲ್ಲರದ್ದೂ ಸರಿಯಾಗುತ್ತೆ. ರೆಡಿಮೇಡ್‌ನ ನಿಜವಾದ ಲಾಭ ಅದೇ, ಅದನ್ನ ಹಗುರವಾಗಿ ತಳ್ಳಿಹಾಕಬಾರದು.

‘ನಮ್ಮ ಹಳ್ಳಿಯವರಿಗೆ ಇದೆಲ್ಲಾ ಬರಲ್ಲ’ ಅನ್ನೋ ಮಾತನ್ನೂ ನಾನು ನಂಬಲ್ಲ. ಸಂತೆಯಲ್ಲಿ ಸೊಪ್ಪು ಮಾರೋ ಅಜ್ಜಿ ಕ್ಯೂಆರ್ ಕೋಡ್ ಇಟ್ಕೊಂಡಿದ್ದಾರೆ. ತನಗೆ ಉಪಯೋಗ ಕಂಡರೆ ಯಾರೂ ಕಲೀತಾರೆ. ಕಾರ್ಯದರ್ಶಿಗೆ ಈ ಸಾಫ್ಟ್‌ವೇರ್‌ನಿಂದ ಸಂಜೆ ಎರಡು ತಾಸು ಉಳಿಯುತ್ತಾ, ಇಲ್ಲಾ ಎರಡು ತಾಸು ಹೆಚ್ಚಾಗುತ್ತಾ? ಯೋಜನೆ ಉಳಿಯೋದು, ಮುಳುಗೋದು ಈ ಉತ್ತರದ ಮೇಲೆ.

ಹಾಗಾಗಿ ನನ್ನದೊಂದು ಸಲಹೆ. ಇಂಟರ್ನ್‌ಶಿಪ್‌ಗೆ, ಮಿನಿ ಪ್ರಾಜೆಕ್ಟ್‌ಗೆ ಎಲ್ಲರೂ ಅದೇ ಹಾಜರಾತಿ ಆ್ಯಪ್, ಅದೇ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಮಾಡೋ ಬದಲು, ನಾಲ್ಕು ಜನ ಸೇರಿ ನಿಮ್ಮೂರಿನ ಸೊಸೈಟಿಗೆ ಹೋಗಿ, ಅನುಮತಿ ಕೇಳಿ, ಒಂದು ವಾರ ಕೌಂಟರ್ ಪಕ್ಕ ಕೂತು ನೋಡಿ. ಯಾವ ಎಂಟ್ರಿ ಎರಡು ಸಲ ಬೀಳುತ್ತೆ, ಯಾವ ಪದ ಅರ್ಥ ಆಗಲ್ಲ, ಯಾವ ಪುಸ್ತಕ ಇನ್ನೂ ಮುಚ್ಚಿಲ್ಲ, ಯಾಕೆ ಮುಚ್ಚಿಲ್ಲ ಅಂತ ಬರೆದುಕೊಳ್ಳಿ. ಸದಸ್ಯರ ಹೆಸರು, ಸಾಲದ ವಿವರ ಮಾತ್ರ ಹೊರಗೆ ತರಬೇಡಿ. ಸೊಸೈಟಿಯವರು ಬಳಸೋ ಪದಗಳ ಪಟ್ಟಿಯೊಂದನ್ನು ನಮ್ಮ ಬಳಗವೇ ಮಾಡಿ ಸಹಕಾರ ಇಲಾಖೆಗೆ ಕಳಿಸಬಹುದು. ನೂರು ಪದ ಸಿಕ್ಕರೂ ಸಾಕು. ನಾನು ‘ಕಿರ್ದಿ’ಯಿಂದ ಶುರು ಮಾಡಿದ್ದೀನಿ, ಇನ್ನು ತೊಂಬತ್ತೊಂಬತ್ತು ನೀವು ತನ್ನಿ.