ಪ್ರಿಂಟ್ ಆಯ್ತು, ಮುರಿದು ನೋಡಿದ್ರಾ?

ಟೆಕ್ ಫೆಸ್ಟ್‌ನಲ್ಲಿ ತ್ರೀಡಿ ಪ್ರಿಂಟರ್ ಮುಂದೆ ಯಾವಾಗಲೂ ಗುಂಪು. ಪ್ಲಾಸ್ಟಿಕ್ ಎಳೆ ಕರಗಿ ಪುಟ್ಟ ಗಣಪ ಆಗೋದನ್ನು ನೋಡೋಕೆ ಚೆಂದವೇ. ಆದರೆ ಈ ವಿದ್ಯೆ ಈಗ ವಿಮಾನದ ಎಂಜಿನ್ ಒಳಗೇ ಕೂತಿದೆ. ನಮ್ಮ ಲ್ಯಾಬ್ ಮಾತ್ರ ಇನ್ನೂ ಗಣಪನ ಹತ್ತಿರವೇ ನಿಂತಿದೆ ಅನ್ನೋದು ನಮ್ಮ ತಕರಾರು.

ಹಲವು ಎ320ನಿಯೊ ವಿಮಾನಗಳಲ್ಲಿರುವ ಲೀಪ್ ಎಂಜಿನ್ ನೋಡಿ. ಅದರ ಇಂಧನ ನಾಝಲ್‌ನ ತುದಿಗೆ ಹಳೆಯ ವಿಧಾನದಲ್ಲಾದರೆ ಸುಮಾರು 20 ಬಿಡಿಭಾಗ ಬೇಕಿತ್ತು. ಜಿಇ ಕಂಪನಿ ಅದನ್ನು ಒಂದೇ ತುಂಡಾಗಿ ಪ್ರಿಂಟ್ ಮಾಡಿತು. ತೂಕ ಶೇ. 25ರಷ್ಟು ಇಳಿಯಿತು. 2021ರ ಹೊತ್ತಿಗೆ ಇಂಥ 1 ಲಕ್ಷ ತುದಿಗಳು ತಯಾರಾಗಿದ್ದವು.

ರಾಕೆಟ್‌ನಲ್ಲೂ ಇದೇ ಲೆಕ್ಕ. ಪಿಎಸ್‌ಎಲ್‌ವಿಯ ನಾಲ್ಕನೇ ಹಂತದ ಎಂಜಿನ್ನನ್ನು ಇಸ್ರೋಗಾಗಿ ಪ್ರಿಂಟ್ ಮಾಡಿದ್ದು ನಮ್ಮ ಬೆಂಗಳೂರಿನ ವಿಪ್ರೋ ತ್ರೀಡಿ. 14 ಭಾಗಗಳು ಒಂದಾದವು, 19 ಬೆಸುಗೆಗಳು ಮಾಯವಾದವು. 565 ಕೆ.ಜಿ. ಕಚ್ಚಾ ಲೋಹದ ಜಾಗದಲ್ಲಿ 13.7 ಕೆ.ಜಿ. ಪುಡಿ ಸಾಕಾಯ್ತು. 2024ರ ಮೇ 9ರಂದು ಈ ಎಂಜಿನ್ ಪರೀಕ್ಷೆಯಲ್ಲಿ 665 ಸೆಕೆಂಡ್ ಉರಿಯಿತು.

ಹಾಗಾದ್ರೆ ಎಲ್ಲವನ್ನೂ ಪ್ರಿಂಟ್ ಮಾಡಿಬಿಡೋಣ ಅಲ್ವಾ? ಅಷ್ಟು ಸುಲಭ ಇಲ್ಲ. ಲೋಹದ ಪುಡಿಯನ್ನು ತೆಳುವಾಗಿ ಹರಡಿ, ಲೇಸರ್‌ನಿಂದ ಪದರ ಪದರವಾಗಿ ಕರಗಿಸುತ್ತಾ ಹೋಗಬೇಕು. ಎಲ್ಲೋ ಒಂದು ಕಡೆ ಪುಡಿ ಸರಿಯಾಗಿ ಕರಗದಿದ್ದರೆ ಒಳಗೊಂದು ಸಣ್ಣ ಪೊಳ್ಳು ಉಳಿಯುತ್ತದೆ. ಹೊರಗಿನಿಂದ ಅದು ಕಾಣಲ್ಲ. ಎಂಜಿನ್ ಸಾವಿರಾರು ಸಲ ಕಾದು ತಣಿಯುವಾಗ ಬಿರುಕು ಹುಟ್ಟೋದು ಅಂಥ ಜಾಗದಲ್ಲೇ. 20 ಭಾಗಗಳಿದ್ದಾಗ ಕೆಟ್ಟ ಒಂದನ್ನು ತೆಗೆದು ಬದಲಿಸಬಹುದಿತ್ತು. ಒಂದೇ ತುಂಡಾದರೆ ಇಡೀ ತುಂಡನ್ನೇ ನಂಬಬೇಕು. ಅದಕ್ಕೇ ಇಂಥ ಭಾಗಗಳಿಗೆ ಸಿಟಿ ಸ್ಕ್ಯಾನ್, ಪೊಳ್ಳು ಮುಚ್ಚಲು ಭಾರೀ ಒತ್ತಡದಲ್ಲಿ ಬಿಸಿ ಮಾಡುವ ಸಂಸ್ಕರಣೆ, ಮೇಲಿಂದ ಮೇಲೆ ಪರೀಕ್ಷೆ. ವಿಮಾನ ಉದ್ಯಮದ ನಿಜವಾದ ಕಷ್ಟ ಇರೋದು ಇಲ್ಲಿ.

ನಮ್ಮ ಪ್ರಾಜೆಕ್ಟ್‌ಗಳು ಮುಗಿಯೋದೋ, ಪ್ರಿಂಟ್ ತೆಗೆದು ಫೋಟೋ ಹಿಡಿಯುವಲ್ಲಿಗೆ. ಕೋಟಿಗಟ್ಟಲೆ ಬೆಲೆಯ ಲೋಹದ ಪ್ರಿಂಟರ್ ಕೊಡಿಸಿ ಅಂತ ನಾವು ಕೇಳ್ತಿಲ್ಲ. ಇರುವ ಪ್ಲಾಸ್ಟಿಕ್ ಪ್ರಿಂಟರ್‌ನಲ್ಲೇ ಒಂದು ಪಟ್ಟಿಯನ್ನು ಮಲಗಿಸಿ, ಇನ್ನೊಂದನ್ನು ನಿಲ್ಲಿಸಿ ಪ್ರಿಂಟ್ ಮಾಡೋಣ. ಎರಡನ್ನೂ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬ್‌ಗೆ ಒಯ್ದು ಎಳೆದು ಮುರಿಯೋಣ. ನಿಲ್ಲಿಸಿದ್ದು ಪದರಗಳ ನಡುವೆ ಬೇಗ ಬಿಟ್ಟುಕೊಳ್ಳುತ್ತದೆ. ಯಾಕೆ ಅಂತ ಬರೆದವರಿಗೆ ಮಾರ್ಕ್ಸ್ ಕೊಡಿ. ಖರ್ಚು ಕಮ್ಮಿ, ಕಲಿಕೆ ಜಾಸ್ತಿ.