ಇಬ್ಬರು ಹೀರೋ, ಒಂದೇ ಸೀಟು!

ಕಳೆದ ವಾರ ಯಶವಂತಪುರ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗ ತಡೆದು ನಿಲ್ಲಿಸಿದ. ಕೈಯಲ್ಲಿ ನಮ್ಮ ಪತ್ರಿಕೆ, ಮುಖದ ತುಂಬ ಬೇಸರ.

"ಸಾರ್, ಕೊನೇ ಇಬ್ಬರವರೆಗೂ ಬಂದಿದ್ದೆ. ಪಾರ್ಟು ಇನ್ನೊಬ್ಬನಿಗೆ ಹೋಯ್ತು. ನನ್ನ ಕಥೆ ಮುಗೀತು!"

ಮುಗೀತಾ? ಬಾರಯ್ಯ, ಟೀ ಕುಡಿಯೋಣ, ಒಂದು ಕಥೆ ಹೇಳ್ತೀನಿ ಅಂದೆ. ಅದೇ ಕಥೆ ಈ ವಾರ ನಿಮಗೂ ಇರಲಿ, ಗೆಳೆಯರೇ.

1982. ಭಾರತೀಯನೊಬ್ಬನನ್ನು ಅಂತರಿಕ್ಷಕ್ಕೆ ಕರೆದೊಯ್ಯಲು ಸೋವಿಯತ್ ರಷ್ಯಾ ಸಿದ್ಧವಾಗಿತ್ತು. ನಮ್ಮ ವಾಯುಪಡೆಯಲ್ಲಿ ಶೋಧ ನಡೆದು ಕೊನೆಗೆ ಉಳಿದವರು ಇಬ್ಬರು: ರಾಕೇಶ್ ಶರ್ಮಾ ಮತ್ತು ರವೀಶ್ ಮಲ್ಹೋತ್ರಾ. ಇಬ್ಬರೂ ಟೆಸ್ಟ್ ಪೈಲಟ್‌ಗಳು, ಇಬ್ಬರೂ ಗಟ್ಟಿಗರು. ಮಲ್ಹೋತ್ರಾ ವಯಸ್ಸಿನಲ್ಲಿ ಹಿರಿಯರು. 1949ರಲ್ಲಿ ಹುಟ್ಟಿದ ಶರ್ಮಾ, 1971ರ ಯುದ್ಧದಲ್ಲಿ ಮಿಗ್-21 ಹಾರಿಸಿದಾಗ ಬರೀ 22ರ ಹುಡುಗ!

ಸ್ಕ್ರೀನ್ ಟೆಸ್ಟ್ ಎಲ್ಲಿ ಗೊತ್ತೆ? ನಮ್ಮ ಬೆಂಗಳೂರಿನಲ್ಲೇ! ಇಕ್ಕಟ್ಟಿನ ಜಾಗದಲ್ಲಿ ಎದೆ ನಡುಗುತ್ತದೆಯೋ ನೋಡಲು, ಶರ್ಮಾ ಅವರನ್ನು ವಾಯುಪಡೆಯ ಕೇಂದ್ರವೊಂದರ ಕೋಣೆಯಲ್ಲಿ 72 ಗಂಟೆ ಕೂಡಿಹಾಕಿದ್ದರು.

ಆಮೇಲೆ ಮಾಸ್ಕೋ ಬಳಿಯ ಸ್ಟಾರ್ ಸಿಟಿ. ಇಬ್ಬರೂ ರಷ್ಯನ್ ಭಾಷೆ ಕಲಿತರು. ಒಂದೇ ಪಾಠ, ಒಂದೇ ತಾಲೀಮು. ಆದರೆ ಸೀಟು ಒಂದೇ. ಆ ಸೀಟು ಶರ್ಮಾ ಪಾಲಾಯಿತು. ಮಲ್ಹೋತ್ರಾ ಮೀಸಲು.

ಮೀಸಲು ಅಂದರೆ ಡ್ಯೂಪ್ ಅಲ್ಲ ಸ್ವಾಮಿ! ಹೀರೋಗೆ ಕೊನೇ ಗಳಿಗೆಯಲ್ಲಿ ಜ್ವರ ಬಂದರೂ ಆ ಜಾಗದಲ್ಲಿ ಹಾರಬೇಕಾದವನು. ಪೂರಾ ಪಾರ್ಟು ಬಾಯಿಪಾಠ ಮಾಡಿ, ತೆರೆಯ ಪಕ್ಕದಲ್ಲೇ ನಿಂತವನು.

1984ರ ಏಪ್ರಿಲ್ 3. ಬೈಕನೂರಿನಿಂದ ಸೋಯುಜ್ ಟಿ-11 ಮೇಲಕ್ಕೆದ್ದಿತು. ಒಳಗೆ ಮಲಿಷೆವ್, ಸ್ಟ್ರೆಕಲೋವ್, ಜೊತೆಗೆ ನಮ್ಮ ಶರ್ಮಾ. ಮಲ್ಹೋತ್ರಾ ನೆಲದ ಮೇಲೆ! ಸಾಲ್ಯುತ್-7 ನಿಲ್ದಾಣದಲ್ಲಿ ಶರ್ಮಾ ಯೋಗ ಮಾಡಿದರು, ಭೂಮಿಯ ಫೋಟೋ ತೆಗೆದರು, ಮೈಸೂರಿನ ರಕ್ಷಣಾ ಆಹಾರ ಪ್ರಯೋಗಾಲಯ ಕೊಟ್ಟ ತಿಂಡಿ ತಿಂದರು. ಮೇಲಿಂದ ಭಾರತ ಹೇಗೆ ಕಾಣುತ್ತೆ ಅಂತ ಇಂದಿರಾ ಗಾಂಧಿ ಕೇಳಿದಾಗ, ಇಕ್ಬಾಲರ ಹಾಡಿನ ಮೊದಲ ಮಾತನ್ನೇ ಉತ್ತರವಾಗಿ ಕೊಟ್ಟರು. ದೇಶವೇ ಚಪ್ಪಾಳೆ ತಟ್ಟಿತು! 7 ದಿನ 21 ಗಂಟೆ 40 ನಿಮಿಷ ಕಳೆದು ಇಳಿದು ಬಂದವರಿಗೆ ಅಶೋಕ ಚಕ್ರ. ಮಲ್ಹೋತ್ರಾ ಅವರಿಗೆ ಕೀರ್ತಿ ಚಕ್ರ.

"ಆದ್ರೂ ಮೇಲೆ ಹೋಗ್ಲಿಲ್ವಲ್ಲ ಸಾರ್?" ಅಂದ ಹುಡುಗ.

ಹೋಗಲಿಲ್ಲ. ಸುಳ್ಳು ಹೇಳಲಾರೆ. ಆ ಅವಕಾಶ ಅವರಿಗೆ ಮತ್ತೆ ಬರಲೂ ಇಲ್ಲ. ಆದರೆ ಕೈಕಟ್ಟಿ ಕೂತರಾ? ವಾಯುಪಡೆಯಲ್ಲಿ ಏರ್ ಕಮೊಡೋರ್ ಆದರು. ನಿವೃತ್ತಿಯ ನಂತರ ಬೆಂಗಳೂರಿನ ಡೈನಮ್ಯಾಟಿಕ್ ಏರೋಸ್ಪೇಸ್‌ನ ಮುಖ್ಯಸ್ಥರಾಗಿ ವಿಮಾನದ ಭಾಗಗಳನ್ನು ಮಾಡಿಸಿದರು. ಇನ್ನು ಶರ್ಮಾ? ಅಷ್ಟು ಕೀರ್ತಿ ಬಂದಮೇಲೂ ಎಚ್‌ಎಎಲ್ ಸೇರಿ, ಮೊದಲು ನಾಸಿಕ್, ಆಮೇಲೆ ಬೆಂಗಳೂರಿನಲ್ಲಿ, 2001ರವರೆಗೆ ಮತ್ತದೇ ಟೆಸ್ಟ್ ಪೈಲಟ್ ಕೆಲಸ! ಹಾರಿದವರೂ ಹಾರದವರೂ ಕೊನೆಗೆ ಬಂದು ದುಡಿದದ್ದು ಒಂದೇ ಊರಲ್ಲಿ, ಒಂದೇ ವಿದ್ಯೆಯಲ್ಲಿ.

41 ವರ್ಷದ ಮೇಲೆ ಅದೇ ಚಿತ್ರಕಥೆ ಮತ್ತೆ ತೆರೆಗೆ ಬಂತು! 2025ರ ಜೂನ್ 25ರಂದು ಹಾರಿದ ಶುಭಾಂಶು ಶುಕ್ಲಾ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಮೆಟ್ಟಿದ ಮೊದಲ ಭಾರತೀಯ. ಅವರು ಎಂ.ಟೆಕ್ ಓದಿದ್ದು ಇಲ್ಲೇ, ಯಶವಂತಪುರದ ಮಗ್ಗುಲಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ. ಮೀಸಲು ಯಾರು? ಪ್ರಶಾಂತ್ ಬಾಲಕೃಷ್ಣನ್ ನಾಯರ್. ಮಲಯಾಳಂ ನಟಿ ಲೆನಾ ಅವರ ಪತಿ! 2024ರ ಫೆಬ್ರವರಿ 27ರಂದು ಗಗನಯಾನಕ್ಕೆ ಆರಿಸಿದ ನಾಲ್ವರ ಹೆಸರು ಹೊರಬೀಳುವ ತನಕ ಆಕೆ ಮದುವೆ ಸುದ್ದಿಯನ್ನೂ ಗುಟ್ಟಾಗಿಟ್ಟಿದ್ದರು. ಆ ನಾಲ್ವರಲ್ಲಿ ಶುಕ್ಲಾ ಅವರೂ ಇದ್ದರು, ನಾಯರ್ ಅವರೂ ಇದ್ದರು.

ಟೀ ಮುಗಿಯಿತು. ಯಲಹಂಕದ ಬಸ್ಸು ಬಂತು. ಹುಡುಗ ಫುಟ್‌ಬೋರ್ಡ್ ಹತ್ತಿ ತಿರುಗಿ ಕೇಳಿದ: "ಸಾರ್, ಆ ಪಾರ್ಟು ಸಿಕ್ಕಿದವನಿಗೆ ಫೈಟ್ ಸರಿಯಾಗಿ ಬರಲ್ಲ. ನಾನೇ ಹೋಗಿ ಹೇಳಿಕೊಡ್ಲಾ?"

ಹೋಗಯ್ಯ, ಬೇಗ ಹೋಗು ಅಂದೆ!