ಕವಾಯತಿನ ಜತೆಗೆ ಇತಿಹಾಸ

ಸೈನಿಕನಿಗೆ ಆಯುಧವನ್ನು ಹಿಡಿಯುವ ಕ್ರಮವನ್ನಷ್ಟೇ ಕಲಿಸಿದರೆ ಸಾಲದು. ಅದನ್ನು ಯಾರ ರಕ್ಷಣೆಗಾಗಿ ಹಿಡಿದಿರುವೆನೆಂಬ ತಿಳಿವಳಿಕೆಯೂ ಅವನಿಗೆ ಬೇಕು. ಶಿವಾಜಿನಗರ, ಹಲಸೂರುಗಳ ನಾಗರಿಕರು ತಲೆಮಾರುಗಳಿಂದ ದಂಡಿನ ನೆರೆಯಲ್ಲಿ ಬಾಳಿದವರು. ಈ ಪ್ರಶ್ನೆ ಅವರಿಗೆ ದೂರದ್ದಲ್ಲ.

1896ರಲ್ಲಿ ನಾಲ್ಕನೆಯ ಹುಸ್ಸಾರ್ ಅಶ್ವದಳದೊಡನೆ ಬೆಂಗಳೂರು ದಂಡಿಗೆ ಬಂದ ತರುಣ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್, ಬೆಳಗಿನ ಕವಾಯತು ಮುಗಿದ ಮೇಲೆ ಗಿಬ್ಬನ್, ಮೆಕಾಲೆಯವರ ಇತಿಹಾಸಗ್ರಂಥಗಳನ್ನು ಓದುತ್ತಿದ್ದನು. ಪಾರ್ಲಿಮೆಂಟಿನ ಚರ್ಚೆಗಳಿದ್ದ ವಾರ್ಷಿಕ ಸಂಪುಟಗಳನ್ನು ತಾಯಿಯಿಂದ ತರಿಸಿಕೊಂಡು, ಓದುವ ಮುನ್ನ ಸ್ವಂತ ಅಭಿಪ್ರಾಯವನ್ನು ಬರೆದಿಟ್ಟು, ಓದಿದ ಬಳಿಕ ಅದನ್ನು ಪುನಃ ಪರಿಶೀಲಿಸುತ್ತಿದ್ದನು. ಅದೇ ದಂಡಿನ ಭಾರತೀಯ ಸಿಪಾಯಿಯಿಂದ ಸರಕಾರವು ಅಪೇಕ್ಷಿಸಿದ್ದುದು ವಿಧೇಯತೆಯನ್ನು, ವಿಚಾರವನ್ನಲ್ಲ. ಆಳುವವನಿಗೆ ಇತಿಹಾಸ, ಆಳಲ್ಪಡುವವನಿಗೆ ಕವಾಯತು ಎಂಬುದು ಪರಾಡಳಿತದ ನೀತಿ. ಸ್ವತಂತ್ರ ದೇಶಕ್ಕೆ ಅದು ಸಲ್ಲದು.

ಇಂದು ಹಲಸೂರು ಕೆರೆಯ ಬಳಿ ಮದ್ರಾಸ್ ಇಂಜಿನಿಯರ್ ಗ್ರೂಪಿನ ಕೇಂದ್ರದಲ್ಲಿ ಅಗ್ನಿವೀರರು ಶಿಕ್ಷಣ ಹೊಂದುತ್ತಿದ್ದಾರೆ. 2022ರಲ್ಲಿ ಪ್ರಾರಂಭವಾದ ಅಗ್ನಿಪಥ ಯೋಜನೆಯ ಮೂಲ ನಿಯಮದಂತೆ ಅವರ ಸೇವೆ ನಾಲ್ಕು ವರ್ಷ. ಬಳಿಕ ಸೈನ್ಯದಲ್ಲಿ ಉಳಿಯತಕ್ಕವರು ನೂರಕ್ಕೆ 25ರವರೆಗೆ ಮಾತ್ರ. ಮಿಕ್ಕವರು ಯೌವನದಲ್ಲಿಯೇ ಊರಿಗೆ ಮರಳಿ ನಮ್ಮ ನೆರೆಹೊರೆಯವರೂ ಮತದಾರರೂ ಆಗುವರು. ದೇಹವು ಪಳಗಿ ವಿವೇಚನೆಯು ಪಳಗದಿದ್ದರೆ, ಗಟ್ಟಿಯಾಗಿ ಕೂಗುವವನ ಹಿಂದೆ ಸಾಲುಗಟ್ಟಿ ನಡೆಯುವುದೇ ಅವರಿಗೆ ಸುಲಭವಾದೀತು.

ಇದರಿಂದ ಸೈನ್ಯದಲ್ಲಿ ರಾಜಕೀಯ ಹೊಕ್ಕೀತೆಂದು ಕೆಲವರು ಶಂಕಿಸಬಹುದು. ಮಹಾಯುದ್ಧದ ನಡುವೆಯೇ, 1941ರಲ್ಲಿ, ಬ್ರಿಟಿಷ್ ಸೈನ್ಯವು ಪ್ರಚಲಿತ ವಿದ್ಯಮಾನಗಳ ವಿಭಾಗವೊಂದನ್ನು ಸ್ಥಾಪಿಸಿ, ಅಧಿಕಾರಿಗಳ ಮುಂದಾಳುತನದಲ್ಲಿ ಸಿಪಾಯಿಗಳು ವಾರವಾರವೂ ಚರ್ಚಿಸುವಂತೆ ಏರ್ಪಡಿಸಿತು. ಅದರಿಂದ ಶಿಸ್ತು ಕುಸಿಯಲಿಲ್ಲ, ಯುದ್ಧವು ಸೋಲಲಿಲ್ಲ.

ಆದರೆ ಒಂದೇ ಪಕ್ಷದ ಇತಿಹಾಸವು ಇತಿಹಾಸವಲ್ಲ. ಅಷ್ಟು ಓದಿದ ಚರ್ಚಿಲ್ಲನೇ 1930ರ ದಶಕದಲ್ಲಿ ಭಾರತದ ಸ್ವಯಮಾಡಳಿತವನ್ನು ಬಲವಾಗಿ ವಿರೋಧಿಸಿದನು. 1780ರಲ್ಲಿ ಹುಟ್ಟಿದ ಹಲಸೂರಿನ ಪಡೆಯೂ 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಕಂಪೆನಿಯ ಪರವಾಗಿ ದುಡಿದುದು. ಅದನ್ನು ಮರೆಮಾಚದೆ ಹೇಳಬೇಕು. ಸ್ವಾಮಿನಿಷ್ಠೆಗೂ ದೇಶನಿಷ್ಠೆಗೂ ಇರುವ ಅಂತರವನ್ನು ಶಿಕ್ಷಾರ್ಥಿಯೇ ಆಲೋಚಿಸಿ ಅರಿಯಬೇಕು.

ಆದುದರಿಂದ ಅಗ್ನಿವೀರರಿಗೂ, 1948ರ ಕಾಯಿದೆಯಿಂದ ಸ್ಥಾಪಿತವಾದ ಎನ್.ಸಿ.ಸಿ.ಯ ವಿದ್ಯಾರ್ಥಿಗಳಿಗೂ ವಾರಕ್ಕೊಂದು ಗಂಟೆಯಾದರೂ ಇತಿಹಾಸ ಮತ್ತು ಪ್ರಚಲಿತ ವಿದ್ಯಮಾನಗಳ ಮುಕ್ತಚರ್ಚೆಯು ನಿಯತವಾಗಿರತಕ್ಕದ್ದು. ನಗರದ ಕಾಲೇಜುಗಳ ಅಧ್ಯಾಪಕರು ಅದನ್ನು ನಡೆಯಿಸಲಿ. ಪ್ರತಿಯೊಬ್ಬನೂ ಮೊದಲು ತನ್ನ ಅಭಿಪ್ರಾಯವನ್ನು ಬರೆದಿಟ್ಟು, ಅನಂತರ ಎದುರುಪಕ್ಷವನ್ನು ಕೇಳಲಿ. ಒಬ್ಬ ಆಂಗ್ಲ ಅಧಿಕಾರಿಗೆ ಈ ನೆಲದಲ್ಲಿ ದೊರೆತ ಸೌಕರ್ಯವು ಈ ನೆಲದ ಮಕ್ಕಳಿಗೂ ದೊರೆಯಬೇಡವೆ?